ತಂಗಳುಪೆಟ್ಟಿಗೆಯ ರಿಪೇರಿ: ಎಲ್ಲಿಯವರೆಗೆ ನಮ್ಮ ಕೈ?

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ನನ್ನ ತಂಗಿಯ ಮಗ ಫೋನು ಮಾಡಿದ. ಕುಶಲೋಪರಿ ಮುಗಿಯುವ ಮೊದಲೇ, "ಮಾವ, ನಮ್ಮನೆ ಫ್ರಿಜ್ಜಿನಲ್ಲಿ ಗ್ಯಾಸ್ ಖಾಲಿಯಾಗಿದೆ. ನಾಲ್ಕಾರು ವಿಡಿಯೋ ನೋಡಿ ಎಲ್ಲ ತಿಳಿದುಕೊಂಡಿದ್ದೇನೆ. ಗ್ಯಾಸಿನ ಡಬ್ಬಿ, ಕೊಳವೆಗೆ ಚುಚ್ಚುವ ವಾಲ್ವು ಎರಡನ್ನೂ ತರಿಸಿದ್ದೇನೆ. ಇವತ್ತು ನಾನೇ ತುಂಬಿಸುವವನಿದ್ದೇನೆ. ನೀವು ವಿಜ್ಞಾನದ ಮೇಷ್ಟ್ರಲ್ಲವೇ, ಒಂದು ಮಾತು ಕೇಳೋಣ ಅನ್ನಿಸಿತು" ಎಂದ. ಅವನ ದನಿಯಲ್ಲಿ ಉತ್ಸಾಹ ತುಂಬಿತ್ತು. ಅದರ ಹಿಂದೆಯೇ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಸದ್ದೂ ನನ್ನ ಕಿವಿಗೆ ಬಿತ್ತು.

ನಾನು ಅವನನ್ನು ಕೇಳಿದೆ: "ಫ್ರೀಜರಿನಲ್ಲಿ ಮಂಜುಗಡ್ಡೆ ಕಟ್ಟುತ್ತಿದೆಯೋ?"

"ಕಟ್ಟುತ್ತಿದೆ, ಕಲ್ಲಿನ ಹಾಗೆ ಇದೆ. ಕೆಳಗಿನ ಭಾಗ ಮಾತ್ರ ತಣ್ಣಗಾಗುತ್ತಿಲ್ಲ. ಹಾಲು ಒಡೆದುಹೋಗುತ್ತಿದೆ."

"ಗ್ಯಾಸೇ ಇಲ್ಲದಿದ್ದರೆ ಆ ಮಂಜುಗಡ್ಡೆಯನ್ನು ಮಾಡುತ್ತಿರುವವರು ಯಾರಪ್ಪ?"

ಅತ್ತಲಿಂದ ಸದ್ದಿಲ್ಲ. "ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಶೀತಕಾರಿಯ ಹೆಸರು ಏನೆಂದು ಬರೆದಿದೆ, ನೋಡಿ ಹೇಳು" ಎಂದೆ. ಸ್ವಲ್ಪ ಹೊತ್ತಿನ ಮೇಲೆ "ಆರ್-600ಎ" ಎಂದ. "ಹಾಗಾದರೆ ಮೊದಲು ಆ ಡಬ್ಬಿಯನ್ನು ಅಡುಗೆಮನೆಯಿಂದ ಹೊರಗಿಡು, ಮಿಕ್ಕದ್ದು ಆಮೇಲೆ ಮಾತಾಡೋಣ" ಎಂದೆ.

ಆ ಮಾತುಕತೆ ಹೇಗೆ ಮುಗಿಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ಅಂದಿನಿಂದ ಒಂದು ವಿಚಾರ ನನ್ನ ತಲೆಯಲ್ಲಿ ಸುತ್ತುತ್ತಿದೆ. ಮನೆಯ ಯಂತ್ರಗಳನ್ನು ಮನೆಯವರೇ ರಿಪೇರಿ ಮಾಡಬೇಕೆ, ಬೇಡವೆ? ನನ್ನ ಬಂಧುಗಳಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ಬಲ್ಬು ಕೆಟ್ಟರೂ ಮೆಕ್ಯಾನಿಕ್ಕನನ್ನು ಕರೆಸುವವರು, ಇಲ್ಲವೇ "ಹಳೆಯದನ್ನು ಕೊಟ್ಟು ಹೊಸದನ್ನು ತಂದರಾಯಿತು" ಎನ್ನುವವರು. ಇನ್ನೊಂದು ಪಂಗಡದವರು ಕೈಗೆ ಸ್ಕ್ರೂಡ್ರೈವರ್ ಸಿಕ್ಕಿತೆಂದರೆ ಸಾಕು, ಬಿಚ್ಚಲು ಹೊರಡುವವರು. ನಾನು ಎರಡೂ ಪಂಗಡಗಳಲ್ಲಿ ಬಹಳ ವರ್ಷ ಇದ್ದವನು. ಎರಡರಲ್ಲಿಯೂ ಪೆಟ್ಟು ತಿಂದವನು. ಆದುದರಿಂದ ಈ ವಿಷಯದಲ್ಲಿ ಅಭಿಪ್ರಾಯ ಹೇಳುವ ಅರ್ಹತೆ ನನಗಿದೆಯೆಂದು ಭಾವಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಫ್ರಿಜ್ಜಿಗೆ ಬರುವ ಸಣ್ಣಪುಟ್ಟ ತೊಂದರೆಗಳನ್ನು ಮನೆಯವರೇ ಸರಿಪಡಿಸಿಕೊಳ್ಳಬೇಕು. ಅದು ಉಳಿತಾಯ ಮಾತ್ರವಲ್ಲ, ಶಿಕ್ಷಣವೂ ಹೌದು. ಆದರೆ ಎಲ್ಲಿ ಕೈ ನಿಲ್ಲಿಸಬೇಕು ಎಂಬುದನ್ನು ತಿಳಿಯುವುದು ಆ ಶಿಕ್ಷಣದ ಮೊದಲ ಪಾಠವಾಗಬೇಕು, ಕೊನೆಯ ಪಾಠವಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಒಂಬತ್ತನೆಯ ತರಗತಿಯಲ್ಲಿ ಗುಪ್ತೋಷ್ಣದ ಪಾಠ ಮಾಡುವಾಗ ನಾನು ಒಬ್ಬ ಹುಡುಗನ ಅಂಗೈಗೆ ಹತ್ತಿಯಿಂದ ಸ್ಪಿರಿಟ್ ಸವರಿ "ಏನಾಗುತ್ತಿದೆ?" ಎಂದು ಕೇಳುತ್ತಿದ್ದೆ. "ತಣ್ಣಗಾಗುತ್ತಿದೆ ಸಾರ್" ಎನ್ನುತ್ತಿದ್ದ. ಫ್ರಿಜ್ಜಿನ ರಹಸ್ಯವೆಲ್ಲ ಅಷ್ಟೇ. ದ್ರವವು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಆವಿಯು ಮತ್ತೆ ದ್ರವವಾಗುವಾಗ ಆ ಉಷ್ಣವನ್ನು ಹೊರಗೆ ಬಿಡುತ್ತದೆ. ಪೆಟ್ಟಿಗೆಯ ಒಳಗಿನ ಕೊಳವೆಯಲ್ಲಿ ಆವಿಯಾಗುವುದು, ಹೊರಗಿನ ಕೊಳವೆಯಲ್ಲಿ ದ್ರವವಾಗುವುದು, ಈ ಸುತ್ತಾಟಕ್ಕೆ ನೂಕುಬಲ ಕೊಡಲು ಒಂದು ಕಂಪ್ರೆಸರ್. ಜೇಕಬ್ ಪರ್ಕಿನ್ಸ್ ಎಂಬಾತ 1834ರಲ್ಲಿಯೇ ಇಂತಹ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಫ್ರಿಜ್ಜು ತಣ್ಪನ್ನು ಉತ್ಪಾದಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಇದೊಂದು ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ರಿಪೇರಿ ಮುಗಿದಂತೆ.

ಇಷ್ಟೆಲ್ಲ ಪಾಠ ಮಾಡಿದ ಮೇಷ್ಟ್ರು ತನ್ನ ಮನೆಯಲ್ಲಿ ಮಾಡಿದ್ದೇನು? ಕೇಳಿ.

ನಮ್ಮ ಮನೆಗೆ ಮೊದಲ ಫ್ರಿಜ್ಜು ಬಂದದ್ದು 1992ರಲ್ಲಿ. ಆಗ ನಾವು ಮಲೆನಾಡಿನ ಒಂದು ಪುಟ್ಟ ಊರಿನಲ್ಲಿ ಬಾಡಿಗೆಯ ಹೆಂಚಿನ ಮನೆಯಲ್ಲಿದ್ದೆವು. 165 ಲೀಟರಿನ ಒಂಟಿ ಬಾಗಿಲಿನ ಪೆಟ್ಟಿಗೆ, ಶಿವಮೊಗ್ಗದಿಂದ ಲಾರಿಯಲ್ಲಿ ಬಂತು. ನನ್ನ ತಾಯಿ ಅದಕ್ಕೆ ಅಂದೇ "ತಂಗಳುಪೆಟ್ಟಿಗೆ" ಎಂದು ನಾಮಕರಣ ಮಾಡಿದರು. ಮೇಲಿನ ತಟ್ಟೆಯಲ್ಲಿ ಹಾಲು ಮೊಸರಿಗೆ ಮಾತ್ರ ಜಾಗ, ಮುಸುರೆಯೆಲ್ಲ ಕೆಳಗೆ ಎಂಬ ಕಾನೂನನ್ನೂ ಮಾಡಿದರು.

1994ರ ಬೇಸಗೆಯಲ್ಲಿ ಫ್ರೀಜರಿನೊಳಗೆ ಮಂಜು ಗವಿಯಂತೆ ಬೆಳೆದು ಐಸಿನ ತಟ್ಟೆ ಅದರೊಳಗೆ ಹೂತುಹೋಗಿತ್ತು. ಮನೆಗೆ ನೆಂಟರು ಬಂದಿದ್ದರು, ಪಾನಕಕ್ಕೆ ಐಸು ಬೇಕಾಗಿತ್ತು. ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಕುಟ್ಟತೊಡಗಿದೆ. ಎರಡನೆಯದೋ ಮೂರನೆಯದೋ ಪೆಟ್ಟಿಗೆ "ಸುಯ್ಯ್" ಎಂದು ಹಾವು ಬುಸುಗುಟ್ಟಿದ ಸದ್ದಾಯಿತು. ಫ್ರೀಜರಿನ ಗೋಡೆಯೆಂದರೆ ಬರಿಯ ಗೋಡೆಯಲ್ಲ, ತೆಳುವಾದ ಅಲ್ಯೂಮಿನಿಯಂ ತಗಡಿನ ನಡುವೆಯೇ ಗ್ಯಾಸ್ ಹರಿಯುವ ನಾಳಗಳಿರುತ್ತವೆ ಎಂಬುದು ಆ ಸದ್ದಿನಿಂದ ನನಗೆ ತಿಳಿಯಿತು. ಎರಡು ನಿಮಿಷದಲ್ಲಿ ಅಷ್ಟೂ ಗ್ಯಾಸು ಹೊರಟುಹೋಯಿತು. ಶಿವಮೊಗ್ಗದಿಂದ ಮೆಕ್ಯಾನಿಕ್ ಬಂದು ಫ್ರೀಜರಿನ ಡಬ್ಬಿಯನ್ನೇ ಬದಲಾಯಿಸಬೇಕಾಯಿತು. ಖರ್ಚು ನನ್ನ ತಿಂಗಳ ಸಂಬಳದ ಅರ್ಧದಷ್ಟು. ಹೊರಡುವಾಗ ಆತ ಹೇಳಿದ ಮಾತು ಇಂದಿಗೂ ಚುಚ್ಚುತ್ತದೆ. "ಮೇಷ್ಟ್ರೇ, ಸ್ವಿಚ್ ತೆಗೆದು ಒಂದು ಪಾತ್ರೆ ಬಿಸಿನೀರು ಒಳಗಿಟ್ಟು ಬಾಗಿಲು ಹಾಕಿದ್ದರೆ ಅರ್ಧ ಗಂಟೆಯಲ್ಲಿ ತಾನಾಗೇ ಬಿಟ್ಟುಕೊಳ್ಳುತ್ತಿತ್ತು."

ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಉಷ್ಣ ಬೇಕು ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ! ಆ ಉಷ್ಣವನ್ನು ಒಂದು ಪಾತ್ರೆ ನೀರಿನಿಂದ ಕೊಡಬಹುದೆಂದು ನನಗೆ ಹೊಳೆಯಲಿಲ್ಲ. ಪಾಠ ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ಘೋರವಾದುದು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಬರೆಯಲೇಬೇಕು. ಆ ಬಾಡಿಗೆಮನೆಯಲ್ಲಿ ಅರ್ಥಿಂಗ್ ಇರಲಿಲ್ಲ. ಗೋಡೆಯಲ್ಲಿದ್ದುದು ಎರಡು ತೂತಿನ ಸಾಕೆಟ್ಟು, ಫ್ರಿಜ್ಜಿನದು ಮೂರು ಪಿನ್ನಿನ ಪ್ಲಗ್ಗು. ಹತ್ತು ರೂಪಾಯಿಯ ಒಂದು ಎರಡು ಪಿನ್ನಿನ ಜೋಡಣೆಯನ್ನು ತಂದು ಸಿಕ್ಕಿಸಿ "ನಾನೇ ಸರಿಮಾಡಿದೆ" ಎಂದು ಬೀಗಿದೆ. ಕೆಲವು ತಿಂಗಳ ಮೇಲೆ ನನ್ನ ಮನೆಯವರು "ಬಾಗಿಲು ಮುಟ್ಟಿದರೆ ಜುಂ ಎನ್ನುತ್ತದೆ" ಎಂದಾಗ, "ಚಪ್ಪಲಿ ಹಾಕಿಕೊಂಡು ಮುಟ್ಟು" ಎಂದು ಉತ್ತರಿಸಿದೆ. ಓಮನ ನಿಯಮವನ್ನು ಬೋಧಿಸುತ್ತಿದ್ದ ವಿಜ್ಞಾನ ಶಿಕ್ಷಕನ ಉತ್ತರ ಇದು!

ಆಷಾಢದ ಒಂದು ಬೆಳಿಗ್ಗೆ ನನ್ನ ತಾಯಿ ಸ್ನಾನ ಮುಗಿಸಿ, ಒದ್ದೆಯ ಕಾಲಿನಲ್ಲಿ, ನೆನೆದ ಸಿಮೆಂಟಿನ ನೆಲದ ಮೇಲೆ ನಿಂತು ಹಾಲು ತೆಗೆಯಲು ಬಾಗಿಲಿನ ಹಿಡಿಗೆ ಕೈ ಹಾಕಿದರು. ಒಮ್ಮೆಗೇ ಕಿರುಚಿಕೊಂಡು ಹಿಂದಕ್ಕೆ ಬಿದ್ದರು. ದೇವರ ದಯೆ, ಕೈ ಬಿಟ್ಟುಕೊಂಡಿತು. ಹಿಡಿದುಕೊಂಡಿದ್ದರೆ ಈ ಬರಹವನ್ನು ನಾನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು. ಎರಡು ದಿನ ಅವರ ಬಲಗೈ ನಡುಗುತ್ತಿತ್ತು. "ಎಂಥ ಪೆಟ್ಟಿಗೆ ತಂದೆಯೋ" ಎಂದರೇ ಹೊರತು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ತಪ್ಪು ಪೆಟ್ಟಿಗೆಯದಲ್ಲ, ನನ್ನದು. ಫ್ರಿಜ್ಜಿನ ಒಳಗೆ ಎಲ್ಲೋ ತಂತಿಯ ಹೊದಿಕೆ ಸವೆದು ವಿದ್ಯುತ್ತು ಮೈತಗಡಿಗೆ ಸೋರುತ್ತಿತ್ತು. ಮೂರನೆಯ ಪಿನ್ನು ತನ್ನ ಜಾಗದಲ್ಲಿದ್ದು ಸರಿಯಾದ ಅರ್ಥಿಂಗ್ ಇದ್ದಿದ್ದರೆ ಆ ಸೋರಿಕೆ ನೆಲದೊಳಕ್ಕೆ ಹರಿದುಹೋಗುತ್ತಿತ್ತು. ಹೆಚ್ಚಾಗಿದ್ದರೆ ಫ್ಯೂಸು ಉರಿದು ಎಚ್ಚರಿಸುತ್ತಿತ್ತು. ಆ ದಾರಿಯನ್ನು ನಾನು ಕತ್ತರಿಸಿದ್ದೆ. ಪ್ರವಾಹಕ್ಕೆ ಭೂಮಿಗೆ ಹೋಗಲು ಬೇರೆ ದಾರಿ ಸಿಕ್ಕದೆ ನನ್ನ ತಾಯಿಯ ದೇಹವನ್ನೇ ದಾರಿ ಮಾಡಿಕೊಂಡಿತು. ಮರುವಾರವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಅಂಗಳದಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿಸಿದೆ. ಬಾಡಿಗೆಮನೆಗೆ ಯಾಕೆ ಇಷ್ಟು ಖರ್ಚು ಎಂದು ಕೇಳಿದವರಿದ್ದರು. ನಾನು ಉತ್ತರ ಕೊಡಲಿಲ್ಲ.

ಆದುದರಿಂದ ಓದುಗರಲ್ಲಿ ನನ್ನ ಮೊದಲ ವಿನಂತಿ: ಫ್ರಿಜ್ಜಿನ ಯಾವ ಭಾಗವನ್ನು ಮುಟ್ಟುವ ಮೊದಲೂ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿಡಿ. ಸ್ವಿಚ್ಚು ಆರಿಸಿದರೆ ಸಾಲದು. ಹಳೆಯ ಮನೆಗಳಲ್ಲಿ ತಂತಿಗಳು ಅದಲುಬದಲಾಗಿರುವುದುಂಟು. ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿಯಬೇಡಿ, ಬಿಡಬೇಡಿ. ಬಾಗಿಲು ಜುಂ ಎಂದರೆ ಚಪ್ಪಲಿಯನ್ನು ಹುಡುಕಬೇಡಿ, ಫ್ರಿಜ್ಜನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಹುಡುಕಿ. ಮನೆಯ ಮುಖ್ಯ ಫಲಕದಲ್ಲಿ 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸಾಧನವನ್ನು ಹಾಕಿಸುವುದು, ಮನೆಯಲ್ಲಿ ಮಕ್ಕಳು ಮುದುಕರು ಇರುವವರಿಗೆ, ಬೇರಾವ ಖರ್ಚಿಗಿಂತಲೂ ಮೊದಲಿನ ಖರ್ಚಾಗಬೇಕು.

ಇನ್ನು ಮನೆಯವರೇ ಮಾಡಬಹುದಾದ, ಮಾಡಲೇಬೇಕಾದ ಕೆಲಸಗಳು. ಇವು ಒಂದೊಂದೂ ನಾನು ಆ ಎರಡು ತಪ್ಪುಗಳ ನಂತರ ಮೆಕ್ಯಾನಿಕ್ಕರ ಪಕ್ಕದಲ್ಲಿ ಕುಳಿತು ಕಲಿತವು.

ಹಿಂಬದಿಯಲ್ಲಿ ಕಪ್ಪು ಸರಳುಗಳ ಜಾಲರಿಯಿದ್ದರೆ ಆರು ತಿಂಗಳಿಗೊಮ್ಮೆ ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯಿರಿ. ಒಳಗಿನ ಬಿಸಿ ಹೊರಬೀಳುವುದು ಅಲ್ಲಿಂದ. ಧೂಳಿನ ಕಂಬಳಿ ಹೊದ್ದುಕೊಂಡರೆ ಕಂಪ್ರೆಸರ್ ವಿಶ್ರಾಂತಿಯಿಲ್ಲದೆ ಓಡುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ. ಗೋಡೆಗೂ ಫ್ರಿಜ್ಜಿಗೂ ನಡುವೆ ಒಂದು ಗೇಣಿನಷ್ಟಾದರೂ ಜಾಗ ಬಿಡಿ. ಈಗಿನ ಅನೇಕ ಫ್ರಿಜ್ಜುಗಳಲ್ಲಿ ಜಾಲರಿ ಕಾಣುವುದಿಲ್ಲ, ಆ ಕೊಳವೆಗಳನ್ನು ಪಕ್ಕದ ಗೋಡೆಯೊಳಗೇ ಹುದುಗಿಸಿರುತ್ತಾರೆ. ಆದ್ದರಿಂದ ಪಕ್ಕದ ಗೋಡೆ ಬಿಸಿಯಾದರೆ ಗಾಬರಿ ಬೇಡ. ಅಲ್ಲಿ ಮೊಳೆಯನ್ನೂ ಸ್ಕ್ರೂವನ್ನೂ ಮಾತ್ರ ಹೊಡೆಯಬೇಡಿ.

ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಮಲೆನಾಡಿನಲ್ಲಿ ಮಳೆಗಾಲಕ್ಕೆ ಬೂಸ್ಟು ಹಿಡಿಯುವುದು ಸಾಮಾನ್ಯ. ಉಗುರುಬೆಚ್ಚಗಿನ ಸೋಪಿನ ನೀರಿನಿಂದ ಒರೆಸಿ ಒಣಗಿಸಿ. ಪಟ್ಟಿ ಸಡಿಲವಾಗಿದೆಯೇ ಎಂದು ತಿಳಿಯಲು ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸರಾಗವಾಗಿ ಜಾರಿದರೆ ಅಲ್ಲಿಂದ ತಂಪು ಸೋರುತ್ತಿದೆ ಎಂದರ್ಥ. ಬಾಗಿಲಿನ ನಾಲ್ಕೂ ಕಡೆ ಹೀಗೆ ಪರೀಕ್ಷಿಸಿ. ಎಷ್ಟೋ ಮನೆಗಳಲ್ಲಿ "ಕೂಲಿಂಗ್ ಇಲ್ಲ" ಎಂಬ ದೂರಿಗೆ ಕಾರಣ ಈ ಪಟ್ಟಿಯೇ.

ತರಕಾರಿ ಡಬ್ಬಿಯ ಕೆಳಗೆ ನೀರು ನಿಲ್ಲುತ್ತಿದ್ದರೆ ಒಳಗೆ ಹಿಂಬದಿಯ ಗೋಡೆಯಲ್ಲಿ ಒಂದು ಸಣ್ಣ ರಂಧ್ರವನ್ನು ಹುಡುಕಿ. ಕರಗಿದ ಮಂಜಿನ ನೀರು ಅದರ ಮೂಲಕ ಹೊರಗೆ ಹೋಗಬೇಕು. ಕೊತ್ತಂಬರಿ ಸೊಪ್ಪಿನ ಒಂದು ಎಲೆ ಸಾಕು, ಅದನ್ನು ಮುಚ್ಚಲು. ಸೂಜಿಯಿಲ್ಲದ ಸಿರಿಂಜಿನಲ್ಲಿ ಬೆಚ್ಚಗಿನ ನೀರು ತುಂಬಿ ನಿಧಾನವಾಗಿ ಒತ್ತಿದರೆ ದಾರಿ ಬಿಡುತ್ತದೆ. ಆ ನೀರು ಹೋಗಿ ಸೇರುವುದು ಹಿಂಬದಿಯಲ್ಲಿ ಕಂಪ್ರೆಸರಿನ ಬಳಿಯಿರುವ ತಟ್ಟೆಗೆ. ಆ ತಟ್ಟೆಯನ್ನು ಎಷ್ಟು ಜನ ನೋಡಿದ್ದೀರಿ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನಿಂತ ತಿಳಿನೀರಿನಲ್ಲಿಯೇ. ಅಂಗಳದ ತೆಂಗಿನ ಚಿಪ್ಪನ್ನೆಲ್ಲ ಕವುಚಿಹಾಕಿ, ಫ್ರಿಜ್ಜಿನ ಹಿಂದೆ ಸೊಳ್ಳೆ ಸಾಕುವುದು ಬೇಡ; ವಾರಕ್ಕೊಮ್ಮೆ ಒಣಗಿಸಿ.

ಕಂಪ್ರೆಸರ್ ಗುಂಯ್ಗುಟ್ಟಿ, ಕೆಲವೇ ಸೆಕೆಂಡಿಗೆ "ಟಿಕ್" ಎಂದು ನಿಂತು, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಪ್ರಯತ್ನ ಮಾಡುತ್ತಿದ್ದರೆ ಮೊದಲು ವೋಲ್ಟೇಜನ್ನು ಅನುಮಾನಿಸಿ. ಅದು ಸರಿಯಿದ್ದರೆ ಬಹುಮಟ್ಟಿಗೆ ಕಂಪ್ರೆಸರಿನ ಪಕ್ಕದ ರಿಲೇ ಅಥವಾ ಓವರ್‌ಲೋಡ್ ಎಂಬ ಸಣ್ಣ ಭಾಗ ಕೆಟ್ಟಿರುತ್ತದೆ. ಅದನ್ನು ನೀವು ಬದಲಾಯಿಸಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಕೆಪಾಸಿಟರ್ ಇದ್ದರೆ ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಆದರೆ ಮೆಕ್ಯಾನಿಕ್ಕನಿಗೆ ಫೋನಿನಲ್ಲಿ ಈ "ಟಿಕ್" ಸದ್ದಿನ ವಿಷಯ ಹೇಳಿದರೆ ಆತ ಸರಿಯಾದ ಭಾಗವನ್ನು ಜೊತೆಯಲ್ಲೇ ತರುತ್ತಾನೆ. ವೈದ್ಯರಿಗೆ ರೋಗಲಕ್ಷಣವನ್ನು ಸರಿಯಾಗಿ ಹೇಳುವುದೂ ಚಿಕಿತ್ಸೆಯ ಒಂದು ಭಾಗವಲ್ಲವೇ?

ಕರೆಂಟು ಹೋಗಿ ಬಂದ ಕೂಡಲೇ ಫ್ರಿಜ್ಜನ್ನು ಹಾಕಬೇಡಿ, ನಾಲ್ಕೈದು ನಿಮಿಷ ಬಿಡಿ. ಕೊಳವೆಯೊಳಗಿನ ಒತ್ತಡ ಸಮನಾಗಲಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದ ದಿನ ಬಾಗಿಲನ್ನು ತೆಗೆದು ತೆಗೆದು ನೋಡಬೇಡಿ. ಮುಚ್ಚಿದ ಬಾಗಿಲು ಸುಮಾರು 4 ಗಂಟೆ ತಂಪನ್ನು ಕಾಪಾಡುತ್ತದೆ. ನಮ್ಮ ಮನೆಯಲ್ಲಿ ಈಗ ಇನ್ಸುಲಿನ್ ಇರುವುದರಿಂದ ಇದು ನನಗೆ ಚೆನ್ನಾಗಿ ಗೊತ್ತು. ಬಳಸದೆ ಇಟ್ಟಿರುವ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿ ಬೇಕು, ಆದರೆ ಅದು ಹೆಪ್ಪುಗಟ್ಟಬಾರದು. ನನ್ನ ತಾಯಿಯ ಕಾಲದಲ್ಲಿ ತಂಗಳುಪೆಟ್ಟಿಗೆ ಎಂದು ತಮಾಷೆಗೆ ಒಳಗಾಗಿದ್ದ ವಸ್ತು ಇಂದು ಅನೇಕ ಮನೆಗಳಲ್ಲಿ ಔಷಧದ ಪೆಟ್ಟಿಗೆಯಾಗಿದೆ.

ಇಷ್ಟು ನಮ್ಮ ಗಡಿಯ ಒಳಗಿನದು. ಗಡಿಯ ಆಚೆಗಿರುವುದು ಗ್ಯಾಸು ಹರಿಯುವ ಮುಚ್ಚಿದ ವ್ಯವಸ್ಥೆ: ಕಂಪ್ರೆಸರ್, ಕೊಳವೆಗಳು, ಬೆಸುಗೆ. ಅಲ್ಲಿಗೆ ನಾವು ಕೈ ಹಾಕಬಾರದು. ಕಾರಣಗಳನ್ನು ಹೇಳುತ್ತೇನೆ.

ಮೊದಲ ಕಾಲದ ಫ್ರಿಜ್ಜುಗಳಲ್ಲಿ ಅಮೋನಿಯ, ಸಲ್ಫರ್ ಡೈಆಕ್ಸೈಡಿನಂತಹ ವಿಷಾನಿಲಗಳಿದ್ದವು. ಅವು ಸೋರಿ ಜನ ಸತ್ತದ್ದುಂಟು. ಸಾಕ್ಷಾತ್ ಐನ್‌ಸ್ಟೈನರೇ ತಮ್ಮ ಕಿರಿಯ ಮಿತ್ರ ಲಿಯೋ ಸಿಲಾರ್ಡರೊಡನೆ ಸೇರಿ ಚಲಿಸುವ ಭಾಗಗಳೇ ಇಲ್ಲದ ಸುರಕ್ಷಿತ ಫ್ರಿಜ್ಜೊಂದನ್ನು ರೂಪಿಸಿ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು. ಆಮೇಲೆ ಬಂದ ಫ್ರಿಯಾನ್ ಅನಿಲ ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂದು ಲೋಕವೆಲ್ಲ ಸಂಭ್ರಮಿಸಿತು. 1974ರಲ್ಲಿ ಮೊಲೀನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಇಂತಹ ಅನಿಲಗಳು ಓಜೋನ್ ಪದರವನ್ನು ತಿನ್ನುತ್ತವೆಂದು ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1995ರಲ್ಲಿ ಅವರಿಬ್ಬರಿಗೂ ಕ್ರುಟ್ಸೆನ್ ಅವರಿಗೂ ನೊಬೆಲ್ ಬಂತು. 1994ರಲ್ಲಿ ನನ್ನ ಸ್ಕ್ರೂಡ್ರೈವರಿನ ಪೆಟ್ಟಿಗೆ ಆಕಾಶಕ್ಕೆ ಹೋದದ್ದು ಆ ಫ್ರಿಯಾನೇ. ಓಜೋನಿನ ತೂತಿಗೆ ನನ್ನದೂ ಒಂದು ಪುಟ್ಟ ಕಾಣಿಕೆ!

ಈಗಿನ ಬಹುತೇಕ ಮನೆಯ ಫ್ರಿಜ್ಜುಗಳಲ್ಲಿರುವ ಆರ್-600ಎ ಎಂದರೆ ಐಸೋಬ್ಯೂಟೇನ್, ನಮ್ಮ ಒಲೆಯ ಸಿಲಿಂಡರಿನ ಅನಿಲದ ಸಹೋದರ. ಓಜೋನಿಗೆ ಹಾನಿಯಿಲ್ಲ, ಭೂಮಿಯನ್ನು ಬಿಸಿಮಾಡುವ ಗುಣವೂ ತೀರ ಕಡಿಮೆ. ಫ್ರಿಜ್ಜಿನಲ್ಲಿ ಇರುವುದು ಕೆಲವು ಹತ್ತು ಗ್ರಾಂಗಳಷ್ಟು ಮಾತ್ರ. ಮುಚ್ಚಿದ ವ್ಯವಸ್ಥೆಯಲ್ಲಿ ಇರುವವರೆಗೆ ಭಯಪಡಬೇಕಾದ್ದಿಲ್ಲ. ಆದರೆ ಅದು ಉರಿಯುವ ಅನಿಲ, ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹಬ್ಬುತ್ತದೆ. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದು ದುರ್ವಾಸನೆ ಬೆರೆಸಿರುತ್ತಾರೆ, ಇದಕ್ಕೆ ಬೆರೆಸಿರುವುದಿಲ್ಲ. ಕುಕ್ಕರ್ ಕೂಗುತ್ತಿರುವ ಅಡುಗೆಮನೆಯಲ್ಲಿ ಕೊಳವೆಗೆ ಚುಚ್ಚಿ ಡಬ್ಬಿಯಿಂದ ಗ್ಯಾಸು ತುಂಬಿಸಲು ಹೊರಟ ಹುಡುಗನ ಮಾತು ಕೇಳಿ ನನ್ನ ಎದೆ ಯಾಕೆ ಝಲ್ಲೆಂದಿತೆಂದು ಈಗ ತಿಳಿಯಿತೇ?

ಇನ್ನೊಂದು ಕಾರಣವಿದೆ. ಗ್ಯಾಸು ಫ್ರಿಜ್ಜಿನಲ್ಲಿ ಖರ್ಚಾಗುವ ವಸ್ತುವಲ್ಲ. ಬೈಕಿನ ಪೆಟ್ರೋಲಿನಂತೆ ಅದು ತೀರುವುದಿಲ್ಲ. ಅದೇ ಅನಿಲ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತಾಗಿದೆ ಎಂದೇ ಅರ್ಥ. ತೂತನ್ನು ಹುಡುಕಿ ಮುಚ್ಚದೆ, ಒಳಗಿನ ಗಾಳಿ ತೇವಗಳನ್ನು ಪಂಪಿನಿಂದ ಹೊರಗೆಳೆಯದೆ ಸುಮ್ಮನೆ ತುಂಬಿಸಿದರೆ ಓಟೆಯ ಕೊಡಕ್ಕೆ ನೀರು ಸುರಿದಂತೆ. ಮನೆಯಲ್ಲಿ ನಾವು ಮಾಡಿದರೂ ಇದೇ ಗತಿ, ಅವಸರದ ಮೆಕ್ಯಾನಿಕ್ ಮಾಡಿದರೂ ಇದೇ ಗತಿ. "ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು" ಎಂದು ಯಾರಾದರೂ ಹೇಳಿದರೆ "ಸೋರಿಕೆ ಎಲ್ಲಿದೆ, ತೋರಿಸಿ" ಎಂದು ವಿನಯದಿಂದ ಕೇಳಿ. ಬಲ್ಲವನು ತೋರಿಸುತ್ತಾನೆ. ಬಲ್ಲದವನು ಕೋಪಿಸಿಕೊಳ್ಳುತ್ತಾನೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಎಲ್ಲವನ್ನೂ ಮನೆಯವರೇ ಮಾಡಿಕೊಂಡರೆ ಮೆಕ್ಯಾನಿಕ್ಕನ ಹೊಟ್ಟೆಪಾಡೇನು? ಈ ಪ್ರಶ್ನೆಯನ್ನು ನಾನು ನಮ್ಮೂರಿನ ಮೆಕ್ಯಾನಿಕ್ಕನಲ್ಲಿಯೇ ಕೇಳಿದೆ. ಆತ ನಕ್ಕು, "ಸಾರ್, ಕೊತ್ತಂಬರಿ ಎಲೆ ತೆಗೆಯೋಕೆ ಮೂವತ್ತು ಕಿಲೋಮೀಟರ್ ಗಾಡಿ ಓಡಿಸಿ ಬಂದು ನಾನು ಎಷ್ಟು ತಗೊಳ್ಳಲಿ? ಜಾಸ್ತಿ ತಗೊಂಡರೆ ಕಳ್ಳ ಅಂತಾರೆ, ಕಡಿಮೆ ತಗೊಂಡರೆ ಪೆಟ್ರೋಲಿಗೂ ಆಗಲ್ಲ" ಎಂದ. ಪ್ರಾಮಾಣಿಕ ಕುಶಲಕರ್ಮಿಗೆ ನಮ್ಮ ಅಜ್ಞಾನ ಆದಾಯದ ಮೂಲವಲ್ಲ, ತಲೆನೋವು. ನಮ್ಮ ಅಜ್ಞಾನದಿಂದ ಬದುಕುವವರು ಬೇರೆ ಇದ್ದಾರೆ.

ಬಿಚ್ಚಲಾಗದಂತೆ ಮಾಡಿ ಮಾರುವ ತಯಾರಕರೂ ಇದ್ದಾರೆ. ಹತ್ತು ವರ್ಷ ಬಾಳಬೇಕಾದ ಪೆಟ್ಟಿಗೆ ಐದನೆಯ ವರ್ಷಕ್ಕೆ ಕೆಟ್ಟಾಗ "ಆ ಭಾಗ ಈಗ ಬರುವುದಿಲ್ಲ" ಎಂಬ ಉತ್ತರ ಕೇಳಿದವರು ನಿಮ್ಮಲ್ಲಿಯೂ ಇರಬೇಕು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈ ಕುರಿತು ಒಂದು ಸಮಿತಿಯನ್ನು ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ "ರಿಪೇರಿಯ ಹಕ್ಕಿ"ಗಾಗಿ ಒಂದು ಜಾಲತಾಣವನ್ನು ತೆರೆಯಿತು. ಒಳ್ಳೆಯ ಆರಂಭ. ಆದರೆ ಹಕ್ಕನ್ನು ಕೇಳಬೇಕಾದರೆ ಯಾವುದು ರಿಪೇರಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂಬ ತಿಳಿವು ಗ್ರಾಹಕನಿಗಿರಬೇಕು. ಎಲ್ಲ ಹಳೆಯ ಫ್ರಿಜ್ಜನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಹದಿನೈದು ವರ್ಷ ದಾಟಿದ ಪೆಟ್ಟಿಗೆಯ ಕಂಪ್ರೆಸರೇ ಹೋದರೆ ಕೈಮುಗಿದು ಬೀಳ್ಕೊಡುವುದೇ ಲೇಸು. ಹೊಸದು ವಿದ್ಯುತ್ತನ್ನೂ ಉಳಿಸೀತು. ಆದರೆ ರಸ್ತೆಯಲ್ಲಿ ಕೂಗಿಕೊಂಡು ಬರುವ ಗುಜರಿಯವನಿಗೆ ಕೊಟ್ಟು ಕೊಳವೆ ಕತ್ತರಿಸಲು ಬಿಡಬೇಡಿ. ಇ-ತ್ಯಾಜ್ಯದ 2022ರ ನಿಯಮಗಳ ಪ್ರಕಾರ ಹಳೆಯ ಫ್ರಿಜ್ಜು ನೋಂದಾಯಿತ ಮರುಬಳಕೆದಾರರಿಗೆ ತಲುಪಬೇಕು.

ಕೊನೆಯದಾಗಿ, ನನ್ನ ವೃತ್ತಿಯ ಬಗ್ಗೆ ಒಂದು ಮಾತು. ಕೈಕೆಲಸದ ಮೂಲಕವೇ ವಿದ್ಯೆ ಎಂಬ ತತ್ತ್ವವನ್ನು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ದೇಶದ ಮುಂದಿಟ್ಟರು. ಬಿ.ಎಡ್. ಪರೀಕ್ಷೆಯಲ್ಲಿ ಅದರ ಬಗ್ಗೆ ನಾಲ್ಕು ಪುಟ ಬರೆದು ನಾನು ಒಳ್ಳೆಯ ಅಂಕ ಪಡೆದಿದ್ದೆ. ಆದರೆ ಮುಂದೊಮ್ಮೆ ಊರಿನ ಒಬ್ಬರು ತಮ್ಮ ಕೆಟ್ಟುಹೋದ ಫ್ರಿಜ್ಜನ್ನು "ಮಕ್ಕಳಿಗೆ ತೋರಿಸಲು ಬೇಕೇ ಮೇಷ್ಟ್ರೇ?" ಎಂದು ಶಾಲೆಗೆ ಕೊಡಲು ಬಂದಾಗ, "ಪ್ರಯೋಗಾಲಯ ಗುಜರಿ ಅಂಗಡಿಯಲ್ಲ" ಎಂದು ಹಿಂದಕ್ಕೆ ಕಳಿಸಿದವನೂ ನಾನೇ. ಇವತ್ತು ಅದನ್ನು ನೆನೆದು ಪಶ್ಚಾತ್ತಾಪಪಡುತ್ತೇನೆ. ಗ್ಯಾಸು ತೆಗೆಸಿದ, ಪ್ಲಗ್ಗಿಲ್ಲದ ಒಂದು ಹಳೆಯ ಫ್ರಿಜ್ಜು ಪ್ರತಿಯೊಂದು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿಯೂ ಇರಲಿ. ಮಕ್ಕಳು ಅದನ್ನು ಬಿಚ್ಚಲಿ, ಬೆರಳಿನಿಂದ ಕೊಳವೆಯ ದಾರಿಯನ್ನು ಹಿಡಿದು ಸಾಗಲಿ, ಅರ್ಥ್ ತಂತಿ ಮೈತಗಡಿಗೆ ಎಲ್ಲಿ ಸೇರಿದೆಯೆಂದು ನೋಡಲಿ. ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗ ಅಂದು ಮೊದಲ ಬೆಂಚಿಗೆ ಬಂದಾನು. ಗುಪ್ತೋಷ್ಣದ ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸಿದ ಹುಡುಗಿ ಅಂದು ಅದನ್ನು ಮೊದಲ ಸಲ ಕಂಡಾಳು. ಮುಖ್ಯವಾಗಿ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ ಅವರಿಗೆ ಹದಿನಾಲ್ಕನೆಯ ವಯಸ್ಸಿಗೇ ಬಂದೀತು. ನನ್ನಂತೆ ತಾಯಿಯನ್ನು ಅಪಾಯಕ್ಕೆ ಒಡ್ಡಿ ಕಲಿಯಬೇಕಾಗಲಾರದು. ನನ್ನ ವಿದ್ಯಾರ್ಥಿಗಳಲ್ಲಿ ಈಗ ಎಷ್ಟೋ ಮಂದಿ ಶಿಕ್ಷಕರಾಗಿದ್ದೀರಿ. ನಾನು ಮಾಡದೆ ಉಳಿಸಿದ ಕೆಲಸವನ್ನು ನಿಮಗೆ ವಹಿಸುತ್ತಿದ್ದೇನೆ.

ತಂಗಿಯ ಮಗನ ಕಥೆಯನ್ನು ಮುಗಿಸಬೇಕಲ್ಲ. ಫ್ರಿಜ್ಜನ್ನು ನಿಲ್ಲಿಸಿ, ಎರಡೂ ಬಾಗಿಲು ತೆರೆದು, ಕೆಳಗೆ ಹಳೆಯ ಬಟ್ಟೆ ಹಾಸಿ ಒಂದು ಇಡೀ ದಿನ ಬಿಡು ಎಂದಿದ್ದೆ. ಹಾಗೆಯೇ ಮಾಡಿದ. ಒಳಗೆ ಅಡಗಿ ಗಾಳಿಯ ದಾರಿಯನ್ನು ಮುಚ್ಚಿದ್ದ ಮಂಜೆಲ್ಲ ಕರಗಿ ಬಕೆಟ್ಟಿಗೆ ಬಂತು. ಮರುದಿನ ಹಾಕಿದಾಗ ಕೆಳಗಿನ ಭಾಗವೂ ತಣ್ಣಗಾಯಿತು. "ಮಾವ, ಸರಿಹೋಯಿತು!" ಎಂದ. "ಸರಿಹೋಗಿಲ್ಲ, ರೋಗ ಯಾವುದೆಂದು ಗೊತ್ತಾಯಿತು ಅಷ್ಟೇ. ಕೆಲವು ದಿನಕ್ಕೆ ಮತ್ತೆ ಬರುತ್ತದೆ" ಎಂದೆ. ಹನ್ನೊಂದನೆಯ ದಿನ ಮತ್ತೆ ಬಂತು. ಮಂಜನ್ನು ಆಗಾಗ ಕರಗಿಸಬೇಕಾದ ಹೀಟರು ಸುಟ್ಟುಹೋಗಿತ್ತು. ಈ ಸಲ ಅವನು ಮೆಕ್ಯಾನಿಕ್ಕನನ್ನು ಕರೆಸಿ, ಪಕ್ಕದಲ್ಲಿ ಕುಳಿತು, ಪ್ರತಿಯೊಂದನ್ನೂ ಕೇಳಿ ತಿಳಿದುಕೊಂಡ. ಗ್ಯಾಸಿಗೆ ಯಾರೂ ಕೈ ಹಚ್ಚಲಿಲ್ಲ.

ಆ ಡಬ್ಬಿಯನ್ನು ಏನು ಮಾಡಿದೆ ಎಂದು ಕೇಳಿದೆ. "ವಾಪಸ್ಸು ಕಳಿಸಿದೆ ಮಾವ" ಎಂದ. ಸ್ಕ್ರೂಡ್ರೈವರನ್ನು ಮಾತ್ರ ಇಟ್ಟುಕೋ ಎಂದು ಹೇಳಿದ್ದೇನೆ.